ಮೈ ಬೆಚ್ಚಗಿದ್ದರೂ ಸಾವೇ?

ಪ್ರಶ್ನೆ: ಮೆದುಳು ನಿಷ್ಕ್ರಿಯವಾದವರ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಅಂಥವರ ಅಂಗ ತೆಗೆಯುವುದು ಕೊಂದಂತೆ ಅಲ್ಲವೇ? ಧರ್ಮಗಳು ಒಪ್ಪುತ್ತವೆಯೇ?

ಉತ್ತರ: ಅರ್ಧ ಗೊಂದಲ ಪದದ್ದೇ. ‘ನಿಷ್ಕ್ರಿಯ’ ಎಂದರೆ ಮತ್ತೆ ಚಾಲೂ ಆದೀತು ಎನಿಸುತ್ತದೆ. ‘ಮೆದುಳಿನ ಸಾವು’ ಎನ್ನುವುದೇ ಸರಿ. ಕೋಮಾದಿಂದ ಕೆಲವರು ಎದ್ದು ಬರುತ್ತಾರೆ. ಇದರಿಂದ ಯಾರೂ ಬರುವುದಿಲ್ಲ.

ಎದೆ ಏರಿಳಿಸುವುದು ವೆಂಟಿಲೇಟರು. ಹೃದಯದ ಬಡಿತ ಹುಟ್ಟುವುದು ಹೃದಯದೊಳಗೇ, ಆಮ್ಲಜನಕ ಸಿಗುವ ತನಕ ಅದು ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಬೆನ್ನುಹುರಿಯಿಂದಾಗಿ ಬೆರಳು, ಕೈ ಅಲುಗುವುದೂ ಉಂಟು. ಇದನ್ನು ಮೊದಲೇ ಹೇಳದಿದ್ದಾಗಲೇ ಮನೆಯವರು ರೊಚ್ಚಿಗೇಳುವುದು.

ಮೆದುಳು ಸತ್ತಿದೆಯೇ ಎಂದು ಖಚಿತಪಡಿಸಲು ವೈದ್ಯರು ಕಣ್ಣಿಗೆ ಬೆಳಕು ಬಿಡುತ್ತಾರೆ, ಕಣ್ಣಿನ ಕರಿಗುಡ್ಡೆಗೆ ಹತ್ತಿ ತಾಕಿಸುತ್ತಾರೆ, ಕಿವಿಗೆ ಮಂಜುನೀರು ಹಾಯಿಸುತ್ತಾರೆ, ಗಂಟಲಲ್ಲಿ ನಳಿಕೆ ಆಡಿಸಿ ಕೆಮ್ಮು ಬರುತ್ತದೆಯೇ ನೋಡುತ್ತಾರೆ. ಕೊನೆಯದು ಉಸಿರಿನ ಪರೀಕ್ಷೆ. ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ 8–10 ನಿಮಿಷ ಎದೆಯನ್ನೇ ಗಮನಿಸುತ್ತಾರೆ. ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡ 60 ಎಂಎಂ ದಾಟಿದರೂ ಒಂದು ಉಸಿರೂ ಬಾರದಿದ್ದರೆ ಉಸಿರಾಟ ನಡೆಸುವ ಮೆದುಳಿನ ಕಾಂಡ (ಮೆದುಳಿನ ಬುಡದ ಭಾಗ) ಸತ್ತಿದೆ. ತಪ್ಪಾಗುವುದು ಎಲ್ಲಿ ಅಂದರೆ, ಮೈ ತೀರ ತಣ್ಣಗಿದ್ದಾಗ, ನಿದ್ರೆಯ ಔಷಧಿ ಮೈಯಲ್ಲಿ ಉಳಿದಿದ್ದಾಗ ಪರೀಕ್ಷಿಸಿದರೆ. ಮೈಯ ಶಾಖ 36 ಡಿಗ್ರಿ ಇತ್ತೇ, ಮತ್ತಿನ ಔಷಧಿ ನಿಲ್ಲಿಸಿ ಎಷ್ಟು ಹೊತ್ತಾಯಿತು ಎಂದು ಮನೆಯವರು ಕೇಳಬಹುದು, ಕೇಳಲೇಬೇಕು.

ಇನ್ನು ಧರ್ಮ. ಸಾವಿನ ಕ್ಷಣ ನಿರ್ಧರಿಸುವುದು ವೈದ್ಯರ ಕೆಲಸ ಎಂದು 12ನೇ ಪಯಸ್ ಪೋಪ್ 1957ರಲ್ಲೇ ಹೇಳಿದ್ದರು. 1986ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸೇರಿದ್ದ, ಇಸ್ಲಾಮಿ ಧರ್ಮಶಾಸ್ತ್ರ ಪಂಡಿತರ ಫಿಖ್ ಅಕಾಡೆಮಿ ಮೆದುಳಿನ ಸಾವನ್ನು ಒಪ್ಪಿತು. ಯಹೂದಿ ಪಂಡಿತರಲ್ಲಿ ಹೃದಯ ನಿಲ್ಲಲೇಬೇಕು ಎನ್ನುವವರು ಇಂದಿಗೂ ಇದ್ದಾರೆ. ಹಿಂದೂ, ಬೌದ್ಧ ಪರಂಪರೆಗಳಲ್ಲಿ ಎಲ್ಲರಿಗೂ ಸಲ್ಲುವ ತೀರ್ಪು ಕೊಡುವ ಪೀಠವೇ ಇಲ್ಲ. ದಧೀಚಿಯ ಕಥೆ ದಾನದ ಹಿರಿಮೆ ಸಾರುತ್ತದೆ ನಿಜ, ಸಾವು ಯಾವಾಗ ಆಯಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

‘ಅಂಗಕ್ಕಾಗಿಯೇ ಈ ವ್ಯಾಖ್ಯೆ ಮಾಡಿದರು’ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮೊದಲ ಹೃದಯ ಕಸಿ 1967ರ ಡಿಸೆಂಬರಿನಲ್ಲಿ. ಮೆದುಳಿನ ಸಾವಿಗೆ ವ್ಯಾಖ್ಯೆ ಕೊಟ್ಟ ಅಮೆರಿಕದ ಹಾರ್ವರ್ಡ್ ಸಮಿತಿ 1968ರಲ್ಲಿ ಹೇಳಿದ ಎರಡು ಕಾರಣಗಳಲ್ಲಿ ಅಂಗ ಪಡೆಯುವಾಗಿನ ವಿವಾದವೂ ಒಂದು. ಆದ್ದರಿಂದಲೇ ಸಾವು ಘೋಷಿಸುವ ವೈದ್ಯರು ಕಸಿ ತಂಡದಲ್ಲಿ ಇರಕೂಡದು.

ಪ್ರಶ್ನೆ: ಹಿರಿಯರು ಒಪ್ಪದಿದ್ದರೆ ವಾದಿಸುವುದು ಹೇಗೆ?

ಉತ್ತರ: ಅವರ ತಕರಾರು ಯಾವುದಕ್ಕೆ ಎಂದು ಮೊದಲು ಕೇಳಿ: ಇದು ಸಾವಲ್ಲ ಎಂದೇ, ಅಥವಾ ದೇಹ ಕುಯ್ಯಬಾರದು ಎಂದೇ? ಎರಡನ್ನೂ ಕಲಸಿದರೆ ಮಾತು ಹರಿಯುವುದಿಲ್ಲ. ಕುಯ್ಯಲೇಬಾರದು ಎಂದಾದರೆ ಬಲವಂತ ಬೇಡ. ಮೊದಲನೆಯದಾದರೆ ನೇತ್ರದಾನ ಉಳಿದೇ ಇದೆ. ಹೃದಯ ನಿಂತ ಮೇಲೂ ಸುಮಾರು 6 ಗಂಟೆಯೊಳಗೆ ಕಣ್ಣು ಕೊಡಬಹುದು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ತಲೆಗೆ ದಿಂಬು ಕೊಟ್ಟು ಫ್ಯಾನ್ ಆರಿಸಿ.