ಜಿಯಾಲಜಿ ಎಂಎಸ್ಸಿ ಮಾಡುತ್ತಿದ್ದೇನೆ. ಹಿಮಾಲಯದ ಹಿಮನದಿ, ನೀರಿನ ಸಂಶೋಧನೆಗೆ ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ಹಿಮನದಿ ಹಿಂದೆ ಸರಿದಾಗ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬಗಳನ್ನು ನೋಡಿ ಅದು ಒಂದು ಕಾಲಕ್ಕೆ ಎಲ್ಲಿಯವರೆಗೆ ಬಂದಿತ್ತು ಅಂತ ಹೇಳುವುದು ಜಿಯಾಲಜಿಯವರ ಕೆಲಸವೇ ಅಲ್ವಾ?

ಅಲ್ಲಿನ ಕೆಲಸ ಹೇಗಿರುತ್ತದೆ ಅಂದರೆ, ಮಂಜುಗಡ್ಡೆಯಲ್ಲಿ ಆಳವಾಗಿ ತೂತು ಕೊರೆದು ಬಿದಿರಿನ ಕೋಲು ಇಳಿಸುತ್ತಾರೆ. ಬೇಸಿಗೆ ಮುಗಿದ ಮೇಲೆ ಕೋಲು ಎಷ್ಟು ಹೊರಗೆ ಕಾಣುತ್ತದೆ ಎಂದು ಟೇಪ್ ಹಿಡಿದು ಅಳೆಯುತ್ತಾರೆ. 2 ಮೀಟರ್ ಹೊರಬಂದಿದ್ದರೆ, ಮಂಜುಗಡ್ಡೆ ನೀರಿಗಿಂತ ಹಗುರ ಆದ್ದರಿಂದ 0.9ರಿಂದ ಗುಣಿಸಿ, ಸುಮಾರು 1.8 ಮೀಟರ್ ನೀರು ಹೋಯಿತು ಅಂತ ಲೆಕ್ಕ. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ ಇಂಥ ಅಳತೆ 2002ರಿಂದ ನಡೆದಿದೆ. ನೀರಿನ ಕಡೆ ಆಸಕ್ತಿ ಜಾಸ್ತಿ ಇದ್ದರೆ ಐಸೊಟೋಪ್ (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ಪರಮಾಣುಗಳು) ವಿಶ್ಲೇಷಣೆ ಕಲಿಯಿರಿ. ಹೊಳೆಯ ನೀರಿನಲ್ಲಿ ಮಳೆಯ ಪಾಲೆಷ್ಟು, ಕರಗಿದ ಹಿಮದ ಪಾಲೆಷ್ಟು ಎಂದು ಅಂದಾಜು ಮಾಡಲು ಅದು ಬೇಕು.

ಈಗಲೇ ರಿಮೋಟ್ ಸೆನ್ಸಿಂಗ್ (ಉಪಗ್ರಹ ಚಿತ್ರಗಳಿಂದ ನೆಲವನ್ನು ಅಧ್ಯಯನ ಮಾಡುವುದು) ಮತ್ತು ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಶುರು ಮಾಡಿ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳೂ ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ. ಒಂದೇ ಹಿಮನದಿಯ ಹಳೆಯ, ಹೊಸ ಅಂಚುಗಳನ್ನು ಗುರುತಿಸಿ ಡಿಸರ್ಟೇಶನ್ ಮಾಡಿದರೂ ಸಾಕು, ಸಂದರ್ಶನದಲ್ಲಿ ಮಾತಾಡಲು ವಿಷಯ ಸಿಗುತ್ತದೆ. ಸುಮ್ನೆ ಸರ್ಟಿಫಿಕೇಟ್ ಕೂಡಿಹಾಕಬೇಡಿ.

ಪಿಎಚ್‌ಡಿಗೆ ಡೆಹ್ರಾಡೂನ್‌ನ ವಾಡಿಯಾ ಸಂಸ್ಥೆ, ದೆಹಲಿಯ ಜೆಎನ್‌ಯು, ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ನೋಡಿ. ಬೆಂಗಳೂರಿನ ಐಐಎಸ್ಸಿಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲೂ ಹಿಮಾಲಯದ ಹಿಮನದಿಗಳ ಕೆಲಸ ನಡೆದಿದೆ. ನೆಟ್ ಅಥವಾ ಗೇಟ್ ಪರೀಕ್ಷೆ ಬರೆದಿಟ್ಟುಕೊಳ್ಳಿ. ಎತ್ತರದಲ್ಲಿ ಉಸಿರು ಕಟ್ಟುವವರು ಉಪಗ್ರಹ ಚಿತ್ರ, ಕಂಪ್ಯೂಟರ್ ಮಾದರಿಗಳ ಕೆಲಸವನ್ನೇ ಹಿಡಿದರೂ ನಡೆಯುತ್ತದೆ.