ಮಳೆ ಇಲ್ಲ, ಬೀದಿ ಮಾತ್ರ ಒದ್ದೆ

ಪ್ರ: 1949ರ ‘ದಿ ಥರ್ಡ್ ಮ್ಯಾನ್’ ನೋಡಿದೆವು. ಮಳೆಯ ಸುಳಿವಿಲ್ಲ, ಆದರೂ ವಿಯೆನ್ನಾದ ಬೀದಿಗಳು ರಾತ್ರಿಯೆಲ್ಲ ಒದ್ದೆ. ಬಲೂನು ಮಾರುವ ಮುದುಕನ ನೆರಳಂತೂ ಗೋಡೆ ತುಂಬುತ್ತದೆ. ನಮ್ಮ ಕಿರುಚಿತ್ರಕ್ಕೆ ಪರ್ಶಿ ಕಲ್ಲಿನ ಗಲ್ಲಿಯಲ್ಲಿ ಇದು ಸಾಧ್ಯವೆ?
— ಓದುಗರು, ರಾಯಚೂರು

ಉ: ಸಾಧ್ಯ. ನಿರ್ದೇಶಕ ಕ್ಯಾರಲ್ ರೀಡ್ ಬೀದಿಗೆ ನೀರು ಹೊಡೆಸಿಯೇ ಚಿತ್ರೀಕರಿಸಿದ್ದು. ಒಣ ಕಲ್ಲು ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಪರದೆಯ ಮೇಲೆ ಬರೀ ಬೂದು. ಒದ್ದೆಯಾದರೆ ಕನ್ನಡಿ: ದೀಪದ ದಾರಿಯಷ್ಟು ಹೊಳಪು, ಉಳಿದದ್ದೆಲ್ಲ ಕಪ್ಪು. ದೀಪ ಮಾತ್ರ ಗಲ್ಲಿಯ ಆಚೆ ತುದಿಯಲ್ಲಿ, ಕ್ಯಾಮೆರಾಕ್ಕೆ ಎದುರಾಗಿ ಇರಬೇಕು. ಕ್ಯಾಮೆರಾದ ಪಕ್ಕದಲ್ಲಿಟ್ಟರೆ ಎಷ್ಟು ಕೊಡ ಸುರಿದರೂ ದಂಡ. ವಿಯೆನ್ನಾದ್ದು ಉಬ್ಬುಕಲ್ಲು, ಒಂದೊಂದರ ನೆತ್ತಿಯೂ ಮಿನುಗುತ್ತದೆ. ಪರ್ಶಿ ಸಪಾಟಾದ್ದರಿಂದ ಹೊಳಪು ಉದ್ದ ಪಟ್ಟಿಯಾಗಿ ಬಂದೀತು, ಅದೂ ಚೆಂದವೇ. ನಮ್ಮ ಕಡೆ ಕಾಟ ಬಿಸಿಲಿನದು. ಕತ್ತಲಾದರೂ ಕಲ್ಲಿನ ಕಾವು ಇಳಿದಿರುವುದಿಲ್ಲ. ಫೋಕಸ್ ಹಿಡಿಯುವಷ್ಟರಲ್ಲಿ ನೀರು ಆರಿಹೋಗುತ್ತದೆ. ಮೊದಲು ಕಲ್ಲು ತಣಿಯುವಂತೆ ಧಾರಾಳ ಸುರಿಯಿರಿ, ಶಾಟ್‌ಗೆ ಮುಂಚೆ ಮತ್ತೊಮ್ಮೆ ಚಿಮುಕಿಸಿ.

ನೆರಳಿನದು ಭಾಗಾಕಾರ. ದೀಪದಿಂದ ಗೋಡೆ 16 ಅಡಿ, ನಟ 4 ಅಡಿ ದೂರ ಇದ್ದರೆ ನೆರಳು ನಾಲ್ಕು ಪಟ್ಟು. ಐದೂವರೆ ಅಡಿಯ ಆಳು 22 ಅಡಿ ಬೆಳೆಯುತ್ತಾನೆ. ದೀಪ ನೆಲಕ್ಕೆ ಹತ್ತಿರವಿರಲಿ. ತಲೆಗಿಂತ ಮೇಲಿದ್ದರೆ ನೆರಳು ಗೋಡೆ ಹತ್ತದೆ ನೆಲದಲ್ಲೇ ಉಳಿದೀತು. ಹೆಚ್ಚಿನವರದು ಕೆಡುವುದು ಅಂಚಿನಲ್ಲಿ. ಇದೇ ಅಳತೆಗೆ ಒಂದಡಿ ಅಗಲದ ಎಲ್‌ಇಡಿ ಪ್ಯಾನೆಲ್ ಹಚ್ಚಿದರೆ ಅಂಚು 3 ಅಡಿ ಮಸುಕು, ಒಂದಿಂಚಿನ ಬಲ್ಬಾದರೆ 3 ಇಂಚು. ದುಬಾರಿ ಪ್ಯಾನೆಲ್ ಬಾಡಿಗೆಗೆ ತರಬೇಡಿ.

ಪ್ರ: ಕೊನೆಯಲ್ಲಿ ಚರಂಡಿ ಜಾಲರಿಯಿಂದ ಹೊರಚಾಚುವ ಬೆರಳುಗಳು ನಟ ಆರ್ಸನ್ ವೆಲ್ಸ್‌ರವೇ?
— ಓದುಗರು, ಬಳ್ಳಾರಿ

ಉ: ಅಲ್ಲ, ಸ್ವತಃ ರೀಡ್‌ರವು. ಓಡುವ ನೆರಳಿಗೂ ಕೆಲವು ಕಡೆ ಸಹಾಯಕ ನಿರ್ದೇಶಕ ಗೈ ಹ್ಯಾಮಿಲ್ಟನ್ ಬದಲಿ ನಿಂತರು. ವೆಲ್ಸ್‌ಗೆ ಆ ಚರಂಡಿಗೆ ಇಳಿಯುವುದೇ ಬೇಡವಾಗಿತ್ತು; ಅವರ ಹೆಚ್ಚಿನ ಚರಂಡಿ ದೃಶ್ಯಗಳನ್ನು ಇಂಗ್ಲೆಂಡಿನ ಷೆಪರ್ಟನ್ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದರು.

ಪ್ರ: ಕ್ಯಾಮೆರಾ ಅಷ್ಟೊಂದು ವಾಲಿದ್ದು ತಪ್ಪಲ್ಲವೆ?
— ಓದುಗರು, ಕೊಪ್ಪಳ

ಉ: ಬೇಕೆಂದೇ ವಾಲಿಸಿದ್ದು. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್‌ಗೆ ಈ ಚಿತ್ರಕ್ಕೇ ಆಸ್ಕರ್ ಸಿಕ್ಕಿತು. ಆದರೆ ನಿಮ್ಮಂತೆಯೇ ಕಿರಿಕಿರಿಯಾದವರು ಇದ್ದರು: ರೀಡ್‌ರ ಗೆಳೆಯ, ಹಾಲಿವುಡ್ ನಿರ್ದೇಶಕ ವಿಲಿಯಂ ವೈಲರ್, ಮುಂದಿನ ಸಲ ಕ್ಯಾಮೆರಾ ಮೇಲೆ ಇಟ್ಟುಕೋ ಎಂದು ಅವರಿಗೆ ಒಂದು ರಸಮಟ್ಟ (ವಾಲಿದೆಯೇ ಎಂದು ನೋಡುವ ಗಾರೆಯವರ ಸಾಧನ) ಕಳಿಸಿಕೊಟ್ಟರು.