ಓಸಿಟಿ ರಿಪೋರ್ಟಿನಲ್ಲಿ ಹೆಚ್ಚಾದ 15 ಮೈಕ್ರಾನ್

ಪ್ರಶ್ನೆ: ಮಗನಿಗೆ 22 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ (ಕಣ್ಣಿನ ಹಿಂಪರದೆಯಾದ ರೆಟಿನಾದ ಕೋಶಗಳು ನಿಧಾನವಾಗಿ ಸಾಯುವ ರೋಗ) ಇದೆ. ಹೋದ ವರ್ಷ ಡೊಂಬಿವಲಿಯಲ್ಲಿ ಸಿರಸ್ ಯಂತ್ರದಲ್ಲಿ ಓಸಿಟಿ (ಬೆಳಕಿನಿಂದ ತೆಗೆಯುವ ರೆಟಿನಾದ ಅಡ್ಡಸೀಳಿನ ಚಿತ್ರ) ತೆಗೆಸಿದಾಗ ರೆಟಿನಾದ ನಡುಭಾಗದ ದಪ್ಪ 256 ಮೈಕ್ರಾನ್ ಇತ್ತು. ಈ ವರ್ಷ ದಾದರಿನಲ್ಲಿ ಸ್ಪೆಕ್ಟ್ರಾಲಿಸ್ ಯಂತ್ರ 271 ತೋರಿಸಿದೆ. ಗುಣವಾಗುತ್ತಿದೆ ಎನ್ನೋಣವೆಂದರೆ ರಾತ್ರಿ ಸ್ಟೇಷನ್ ಮೆಟ್ಟಿಲಲ್ಲಿ ಮೊದಲಿಗಿಂತ ಹೆಚ್ಚು ಎಡವುತ್ತಾನೆ.
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಆ 15 ಮೈಕ್ರಾನ್ ಬಹುಮಟ್ಟಿಗೆ ಯಂತ್ರದ್ದು. ಸಿರಸ್ ರೆಟಿನಾದ ವರ್ಣಪದರದವರೆಗೆ ಅಳೆಯುತ್ತದೆ, ಸ್ಪೆಕ್ಟ್ರಾಲಿಸ್ ಅದರಡಿಯ ಬ್ರುಕ್ ಪೊರೆಯವರೆಗೆ. ಒಂದೇ ದಿನ ಎರಡರಲ್ಲೂ ತೆಗೆಸಿದರೂ ಇಷ್ಟು ಅಂತರ ಬಂದೀತು. ಆದರೂ ಒಂದು ಮಾತು: ಈ ರೋಗದಲ್ಲಿ ನಡುಭಾಗಕ್ಕೆ ನೀರು ತುಂಬಿ ದಪ್ಪವಾಗುವುದುಂಟು. ಚಿತ್ರದಲ್ಲಿ ಕಪ್ಪು ಗುಳ್ಳೆಗಳಂತೆ ಕಾಣುತ್ತದೆ. ಹಲವರಲ್ಲಿ ಡಾರ್ಜೋಲಮೈಡ್ ಹನಿಯಿಂದ ಇಳಿಯುತ್ತದೆ. ಮಗನಿಗೆ ಹಾಗೆ ನೀರು ತುಂಬಿಲ್ಲವೆಂದು ವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ರೋಗದ ನಡೆ ತಿಳಿಯಲು ದಪ್ಪ ಒಳ್ಳೆಯ ಅಳತೆಗೋಲಲ್ಲ. ಎಲಿಪ್ಸಾಯ್ಡ್ ಝೋನ್ ಎಂಬ ಬಿಳಿ ಗೆರೆಯ ಉದ್ದ ನೋಡಬೇಕು. ಬೆಳಕು ಹಿಡಿಯುವ ಕೋಶಗಳು ಗಟ್ಟಿಯಾಗಿರುವಲ್ಲಿ ಮಾತ್ರ ಅದು ಕಾಣುತ್ತದೆ, ರೋಗ ಬೆಳೆದಂತೆ ಎರಡೂ ಕಡೆಯಿಂದ ನಡುವಿಗೆ ಮೊಟಕಾಗುತ್ತದೆ. ಫೋವಿಯಾ (ರೆಟಿನಾದ ನಟ್ಟನಡುವಿನ ಗುಳಿ) ಮೇಲೆ ಹಾಯುವ ಅಡ್ಡ ಸ್ಕ್ಯಾನಿನಲ್ಲಿ ಮೂಗಿನ ಕಡೆಯ ತುದಿಯಿಂದ ಕಿವಿಯ ಕಡೆಯ ತುದಿಗೆ ಅಳೆಸಿ. ಗೆರೆ 6 ಮಿ.ಮೀ. ಸ್ಕ್ಯಾನಿನಾಚೆಗೂ ಹಬ್ಬಿದ್ದರೆ ತುದಿಯೇ ಸಿಗದು, 9 ಮಿ.ಮೀ. ಕೇಳಿ. ಸ್ಕ್ಯಾನ್ ಕೂದಲೆಳೆಯಷ್ಟು ಮೇಲೆ ಕೆಳಗೆ ಜಾರಿದರೂ ಉದ್ದ ಬದಲಾಗುತ್ತದೆ. ಸ್ಪೆಕ್ಟ್ರಾಲಿಸ್‌ನ ಫಾಲೋಅಪ್ ಮೋಡ್ ರಕ್ತನಾಳಗಳ ಗುರುತಿನಿಂದ ಹಳೆಯ ಜಾಗವನ್ನೇ ಹುಡುಕುತ್ತದೆ, ಆದರೆ ಹಳೆಯ ಸ್ಕ್ಯಾನ್ ಅದರಲ್ಲಿರಬೇಕು. ಹಾಗಾಗಿ ಲೋಕಲ್‌ನ ನೂಕುನುಗ್ಗಲು ಎಷ್ಟೇ ಇರಲಿ, ಇನ್ನು ವರ್ಷಕ್ಕೊಮ್ಮೆ ದಾದರೇ. ಬಣ್ಣದ ಪ್ರಿಂಟಿನ ಮೇಲೆ ಮತ್ತೆ ಅಳೆಯಲಾಗದು. ಪೆನ್‌ಡ್ರೈವಿಗೆ ಡೈಕಾಮ್ ಎಂಬ ಮೂಲ ಚಿತ್ರದ ಕಡತ ಹಾಕಿಸಿಕೊಳ್ಳಿ.

ಇನ್ನು ಎಡವುವುದು. ಮಬ್ಬಿನಲ್ಲಿ ನೋಡುವ ರಾಡ್ ಕೋಶಗಳು ಹೆಚ್ಚಾಗಿ ನಡುಭಾಗದ ಹೊರಗಿವೆ, ಮೊದಲು ಸಾಯುವುದೂ ಅವೇ. ನಡುಭಾಗದ ಚಿತ್ರ ಅಲ್ಲಿಗೆ ತಲುಪುವುದೇ ಇಲ್ಲ. ಹಂಫ್ರಿ ಯಂತ್ರದಲ್ಲಿ ದೃಷ್ಟಿಕ್ಷೇತ್ರ ಪರೀಕ್ಷೆ ಮಾಡಿಸಿ. ಅದರಲ್ಲಿ 10-2 ಎಂಬ ಬಗೆ ನಡುಭಾಗವನ್ನಷ್ಟೇ ನೋಡುತ್ತದೆ, ಇನ್ನೂ ಅಗಲಕ್ಕೆ ನೋಡುವ 30-2 ಕೂಡ ಬೇಕು. ಮಗನ ಮಾತನ್ನು ನಂಬಿ, ರಿಪೋರ್ಟ್ ಎಷ್ಟೇ ಚೆನ್ನಾಗಿರಲಿ.

ಪ್ರಶ್ನೆ: ಸ್ಟಾರ್ಗಾರ್ಟ್ ರೋಗಕ್ಕೆ (ರೆಟಿನಾದ ನಡುಭಾಗ ಸವೆಯುವ ಆನುವಂಶಿಕ ರೋಗ) ಆಟೋಫ್ಲೋರೆಸೆನ್ಸ್ ಚಿತ್ರ, ಅಂದರೆ ರೆಟಿನಾ ತಾನೇ ಹೊಮ್ಮಿಸುವ ಮಿನುಗಿನ ಚಿತ್ರ, ತೆಗೆಸುತ್ತೇವೆ. ಈ ಬಾರಿ ಕಪ್ಪು ಕಲೆ ಚಿಕ್ಕದಾಗಿದೆಯಲ್ಲ?
– ಓದುಗರು, ಪುಣೆ

ಉತ್ತರ: ಕಪ್ಪು ಕಲೆ ಎಂದರೆ ಕೋಶಗಳು ಸತ್ತ ಜಾಗ, ಅದು ತಾನಾಗಿ ಚಿಕ್ಕದಾಗದು. ಒಮ್ಮೆ 488 ನ್ಯಾನೋಮೀಟರ್ ನೀಲಿ ಬೆಳಕು, ಇನ್ನೊಮ್ಮೆ 532ರ ಹಸಿರು ಬಳಸಿದ್ದಾರೆಯೇ ನೋಡಿ. ನಡುಭಾಗದ ಹಳದಿ ವರ್ಣಕ ನೀಲಿಯನ್ನು ಹೀರಿ ಫೋವಿಯಾವನ್ನು ಕಪ್ಪಾಗಿಸುತ್ತದೆ, ಹಾಗಾಗಿ ಹಸಿರಿನಲ್ಲಿ ಕಲೆ ಚಿಕ್ಕದಾಗಿ ಕಂಡೀತು. ಬೆಳಕು ಒಂದೇ ಆಗಿದ್ದರೆ, ಪಾಪೆ ಪೂರ್ತಿ ಹಿಗ್ಗಿತ್ತೇ ಎಂದು ಕೇಳಿ. ವಿಟಮಿನ್ ಎ ಮಾತ್ರೆ ಈ ರೋಗದಲ್ಲಿ ಬೇಡ.